ಗೂಡು, ಹಕ್ಕಿ, ತಂತಿ: ಆಧುನಿಕ ಸೇನಾ ಸಂಪರ್ಕ ವ್ಯವಸ್ಥೆಯಲ್ಲಿ ಪಾರಿವಾಳ ಸಾಕಣೆಯ ಜನಪದ ಜ್ಞಾನ

ಕನ್ನಡ ಜಾನಪದ ಅಧ್ಯಯನಕ್ಕೆ ಸಂದೇಶವಾಹಕ ಹಕ್ಕಿ ಹೊಸ ವಿಷಯವೇನೂ ಅಲ್ಲ. ತವರಿಗೆ ಸುದ್ದಿ ಒಯ್ಯುವ ಗಿಳಿ, ನಳ ದಮಯಂತಿಯರ ನಡುವೆ ಹಾರಾಡಿದ ಹಂಸ ಮುಂತಾದವುಗಳನ್ನು ನಾವು ಆಶಯಗಳೆಂದು ಗುರುತಿಸಿ, ವರ್ಗೀಕರಿಸಿ, ಸಾಕಷ್ಟು ಚರ್ಚಿಸಿದ್ದೇವೆ. ಹಂಸ ಶಬ್ದದ ತದ್ಭವವಾದ ‘ಅಂಚೆ’ಯೂ ಟಪಾಲಿನ ‘ಅಂಚೆ’ಯೂ ಕನ್ನಡದ ಕಿವಿಗೆ ಒಂದೇ ಆಗಿ ಕೇಳಿಸುತ್ತವೆ, ಅವೆರಡರ ಮೂಲ ಒಂದೇ ಎಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲವಾದರೂ ಈ ಆಕಸ್ಮಿಕ ಸಾಮ್ಯ ಸೊಗಸಾಗಿದೆ ಎಂಬುದನ್ನು ಒಪ್ಪಬೇಕು. ಆದರೆ ನಿಜವಾದ ಹಕ್ಕಿಯೊಂದು ನಿಜವಾದ ಕಾಗದವನ್ನು ಕಾಲಿಗೆ ಕಟ್ಟಿಸಿಕೊಂಡು ಹಾರಿಬರುವಾಗ ಅದರ ಹಿಂದಿರುವ ಸಾಕಣೆಯ ತಿಳಿವಳಿಕೆಯನ್ನು ಜಾನಪದವೆಂದು ನಾವು ಪರಿಗಣಿಸಿದ್ದು ತೀರ ಕಡಿಮೆ. ಹಾಡಿನ ಗಿಳಿ ನಮ್ಮ ಸಂಗ್ರಹಗಳಲ್ಲಿ ಸ್ಥಾನ ಪಡೆದಿದೆ. ಮಾಳಿಗೆಯ ಪಾರಿವಾಳ ಪಡೆದಿಲ್ಲ.

ಪ್ರಸ್ತುತ ಲೇಖನವು ಆಧುನಿಕ ಸೇನೆಗಳು ತಮ್ಮ ತಂತಿ, ದೂರವಾಣಿ ಹಾಗೂ ನಿಸ್ತಂತು ವ್ಯವಸ್ಥೆಗಳೊಳಗೆ ಪಾರಿವಾಳದ ಹಳೆಯ ಸಂಪರ್ಕ ಜಾಲವನ್ನು ಹೇಗೆ ಸೇರಿಸಿಕೊಂಡವು ಎಂಬುದನ್ನು ಪರಿಶೀಲಿಸುತ್ತದೆ. ಸೈನಿಕ ಇತಿಹಾಸಕಾರರು ಇದನ್ನು ಸಾಮಾನ್ಯವಾಗಿ ಹಕ್ಕಿಯ ಕಥೆಯಾಗಿ ಹೇಳುತ್ತಾರೆ. ಇದು ಮುಖ್ಯವಾಗಿ ಹಕ್ಕಿ ಸಾಕುವವರ ಕಥೆ ಎಂಬುದು ಇಲ್ಲಿನ ಪ್ರತಿಪಾದನೆ. ಸೇನೆ ಹಕ್ಕಿಯನ್ನು ಮಾತ್ರ ಪಡೆದುಕೊಂಡಾಗ ಅದಕ್ಕೆ ದೊರೆತದ್ದು ಹಕ್ಕಿ ಮಾತ್ರ. ಸಾಕಣೆದಾರನ ತಿಳಿವಳಿಕೆಯನ್ನೂ ಜೊತೆಗೆ ಪಡೆದುಕೊಂಡಾಗಲೇ ಅದಕ್ಕೆ ಒಂದು ಸಂಪರ್ಕ ಜಾಲ ದೊರೆಯಿತು.

ಪ್ರಭುತ್ವವು ಹಳೆಯ ಸುದ್ದಿಜಾಲಗಳನ್ನು ತನ್ನದಾಗಿಸಿಕೊಳ್ಳುವುದು ನಮಗೆ ಅಪರಿಚಿತವಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಆರಂಭವಾಯಿತೆನ್ನಲಾದ ಮೈಸೂರು ಅಂಚೆಯು ಕಾಗದ ಸಾಗಿಸುವುದರ ಜೊತೆಗೆ ರಾಜ್ಯದ ಮೂಲೆಮೂಲೆಯ ಗುಟ್ಟುಗಳನ್ನು ಅರಮನೆಗೆ ತಲುಪಿಸುವ ಕೆಲಸವನ್ನೂ ಮಾಡುತ್ತಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಆದರೆ ಓಟಗಾರನಿಗೆ ಹೊಸ ದಾರಿಯನ್ನು ತೋರಿಸಬಹುದು, ಹೊಸ ಒಡೆಯನ ಆಜ್ಞೆಯನ್ನು ತಿಳಿಸಬಹುದು. ಪಾರಿವಾಳಕ್ಕೆ ಆಜ್ಞೆ ತಿಳಿಯುವುದಿಲ್ಲ. ಅದಕ್ಕೆ ತಿಳಿದಿರುವುದು ತನ್ನ ಮನೆ ಮಾತ್ರ. ಈ ಒಂದು ಕಾರಣದಿಂದಾಗಿಯೇ ಪಾರಿವಾಳದ ಸೇರ್ಪಡೆ ಉಳಿದೆಲ್ಲ ಸೇರ್ಪಡೆಗಳಿಗಿಂತ ಭಿನ್ನವಾಗಿದೆ.

ಇಲ್ಲಿ ಹಕ್ಕಿಯ ಸ್ವಭಾವವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ‘ಪಾರಿವಾಳ ಪತ್ರ ಒಯ್ಯುತ್ತದೆ’ ಎಂಬ ಮಾತು ಅರ್ಧ ಸತ್ಯ. ಅದು ಎಲ್ಲಿಗೂ ಒಯ್ಯುವುದಿಲ್ಲ, ಮನೆಗೆ ಮರಳುತ್ತದೆ ಅಷ್ಟೆ. ಮರಳುವಾಗ ಅದರ ಮೈಮೇಲೆ ನಾವು ಕಟ್ಟಿದ ಕಾಗದವೂ ಬಂದುಬಿಡುತ್ತದೆ. ಸೂರ್ಯನ ನೆಲೆ, ಭೂಮಿಯ ಕಾಂತಕ್ಷೇತ್ರ, ವಾಸನೆ, ಪರಿಚಿತ ನೆಲದ ಗುರುತುಗಳು ಹೀಗೆ ಹಲವನ್ನು ಅದು ಬಳಸುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸಾಕಣೆದಾರರು ಆ ಚರ್ಚೆ ಮುಗಿಯಲೆಂದು ಕಾಯಲಿಲ್ಲ. ಬೆಲ್ಜಿಯಂ, ಉತ್ತರ ಫ್ರಾನ್ಸ್ ಹಾಗೂ ಇಂಗ್ಲೆಂಡಿನ ಗಣಿ ಕಾರ್ಮಿಕರು, ನೇಕಾರರು, ಸಣ್ಣ ಕಸುಬುದಾರರು ತಮ್ಮ ಹಿತ್ತಿಲ ಗೂಡುಗಳಲ್ಲಿ ತಲೆಮಾರುಗಳ ಕಾಲ ಹಕ್ಕಿಗಳನ್ನು ನೋಡುತ್ತ ನೋಡುತ್ತ ಒಂದು ಸಂಪೂರ್ಣ ಶಾಸ್ತ್ರವನ್ನೇ ಕಟ್ಟಿದ್ದರು. ಹೊಸ ಹಕ್ಕಿಯನ್ನು ಮೊದಲು ಕೆಲವೇ ಕಿಲೋಮೀಟರ್ ದೂರದಿಂದ, ಅನಂತರ ಅದೇ ದಿಕ್ಕಿನಲ್ಲಿ ಇನ್ನಷ್ಟು ದೂರದಿಂದ ಬಿಡಬೇಕು. ಹಸಿದ ಹಕ್ಕಿ ಗೂಡಿನೊಳಗೆ ಬೇಗ ಇಳಿಯುತ್ತದೆ, ಹೊಟ್ಟೆ ತುಂಬಿದ್ದು ಮಾಡಿನ ಮೇಲೆ ಕುಳಿತು ಕಾಲ ಕಳೆಯುತ್ತದೆ. ಮೊಟ್ಟೆಗೆ ಕಾವು ಕೊಡುತ್ತಿರುವ ಅಥವಾ ಮರಿ ಇರುವ ಹಕ್ಕಿ ಹೆಚ್ಚು ತವಕದಿಂದ ಮರಳುತ್ತದೆ. ಗಂಡನ್ನು ವಾರವಿಡೀ ಜೋಡಿಯಿಂದ ಬೇರ್ಪಡಿಸಿಟ್ಟು, ಪಂದ್ಯಕ್ಕೆ ಒಯ್ಯುವ ಮುನ್ನ ಹೆಣ್ಣನ್ನು ಒಮ್ಮೆ ತೋರಿಸಿದರೆ ಅದು ಇನ್ನೂ ವೇಗವಾಗಿ ಹಿಂತಿರುಗುತ್ತದೆ. ಬೆಲ್ಜಿಯಂನವರು ಈ ಪದ್ಧತಿಯನ್ನು ‘ವಿಧುರತ್ವ’ವೆಂದೇ ಕರೆದರು. ವಿರಹಿಯ ಸಂದೇಶವನ್ನು ಹಕ್ಕಿ ಒಯ್ಯುತ್ತದೆ ಎಂದು ಕಾವ್ಯ ಹೇಳಿತು. ಹಕ್ಕಿಯನ್ನೇ ವಿರಹಿಯನ್ನಾಗಿಸಿದರೆ ಸಂದೇಶ ಬೇಗ ತಲುಪುತ್ತದೆ ಎಂದು ಈ ಜನ ಕಂಡುಕೊಂಡರು.

ಈ ತಿಳಿವಳಿಕೆಯನ್ನು ಆಧುನಿಕ ಯಂತ್ರಗಳೊಂದಿಗೆ ಬೆಸೆದ ಮೊದಲ ದೊಡ್ಡ ಪ್ರಯೋಗ ನಡೆದದ್ದು 1870-71ರ ಪ್ಯಾರಿಸ್ ಮುತ್ತಿಗೆಯ ಕಾಲದಲ್ಲಿ. ಪ್ರಷ್ಯದ ಸೈನ್ಯ 1870ರ ಸೆಪ್ಟೆಂಬರಿನಲ್ಲಿ ನಗರವನ್ನು ಸುತ್ತುವರಿದು ತಂತಿಗಳನ್ನು ಕಡಿಯಿತು. ಸೇನ್ ನದಿಯ ತಳದಲ್ಲಿ ಗುಟ್ಟಾಗಿ ಹಾಸಿದ್ದ ತಂತಿಯೂ ಸಿಕ್ಕಿಬಿತ್ತು. ನಗರದಿಂದ ಹೊರಕ್ಕೆ ಪತ್ರ ಕಳಿಸಲು ಬಲೂನುಗಳಿದ್ದವು; ಆದರೆ ಗಾಳಿ ಎಳೆದತ್ತ ಹೋಗುವ ಬಲೂನು ಒಳಕ್ಕೆ ಮರಳಿ ಬರಲಾರದು. ಆಗ ನಗರದ ಪಾರಿವಾಳ ಸಾಕಣೆದಾರರ ಸಂಘದ ಸದಸ್ಯರು ತಮ್ಮ ಹಕ್ಕಿಗಳೊಂದಿಗೆ ಬಲೂನು ಹತ್ತಿ ಹೊರಬಂದರು. ತೂರ್ ಪಟ್ಟಣದಲ್ಲಿ ನೆಲೆ ಮಾಡಿ, ಅಲ್ಲಿಂದ ರೈಲಿನಲ್ಲಿ ಪ್ಯಾರಿಸ್‌ಗೆ ಸಾಧ್ಯವಾದಷ್ಟು ಹತ್ತಿರ ಒಯ್ದು ಹಕ್ಕಿಗಳನ್ನು ಬಿಡತೊಡಗಿದರು. ಛಾಯಾಗ್ರಾಹಕ ರೆನೆ ದಾಗ್ರೋನ್ ನವೆಂಬರ್ ತಿಂಗಳಿನಲ್ಲಿ ಇನ್ನೊಂದು ಬಲೂನಿನಲ್ಲಿ ಹೊರಬಂದ. ಮುದ್ರಿತ ಸಂದೇಶಗಳ ಹಾಳೆಗಳನ್ನು ಅವನು ಅತಿ ಸೂಕ್ಷ್ಮ ಪ್ರಮಾಣಕ್ಕೆ ಇಳಿಸಿ, ಗ್ರಾಮಿನ ಸಣ್ಣ ಭಾಗದಷ್ಟೇ ತೂಗುವ ತೆಳುಪೊರೆಗಳ ಮೇಲೆ ಮೂಡಿಸಿದ. ಅಂಥ ಪೊರೆಗಳನ್ನು ಸುರುಳಿ ಸುತ್ತಿ, ಗರಿಯ ಟೊಳ್ಳು ದಂಟಿನೊಳಗೆ ತುಂಬಿ, ಹಕ್ಕಿಯ ಬಾಲದ ಗರಿಗೆ ರೇಷ್ಮೆ ದಾರದಿಂದ ಕಟ್ಟುತ್ತಿದ್ದರು. ಪ್ಯಾರಿಸ್ ತಲುಪಿದ ಪೊರೆಯನ್ನು ಮಾಯಾದೀಪದ ಮೂಲಕ ಪರದೆಯ ಮೇಲೆ ಬಿಂಬಿಸಲಾಗುತ್ತಿತ್ತು. ಗುಮಾಸ್ತರು ಸಾಲಾಗಿ ಕುಳಿತು ನಕಲು ಮಾಡಿಕೊಂಡು, ತಂತಿ ಸಂದೇಶದಂತೆಯೇ ಮನೆಮನೆಗೆ ಹಂಚುತ್ತಿದ್ದರು. ಸಾರ್ವಜನಿಕರಿಗೆ ಪದವೊಂದಕ್ಕೆ 50 ಸಾಂತೀಮು ದರ.

ಈ ಸರಪಳಿಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಇಲ್ಲಿ ಹಕ್ಕಿ ತಂತಿಗೆ ಬದಲಿಯಾಗಿರಲಿಲ್ಲ. ತಂತಿಯ ಎರಡು ತುದಿಗಳ ನಡುವೆ ಕಡಿದುಹೋಗಿದ್ದ ಭಾಗವನ್ನಷ್ಟೇ ಅದು ತುಂಬಿತು. ಎರಡನೆಯದಾಗಿ, ಒಂದೇ ಸಂದೇಶವನ್ನು ಹಲವು ಹಕ್ಕಿಗಳೊಂದಿಗೆ ಮತ್ತೆ ಮತ್ತೆ ಕಳಿಸಲಾಗುತ್ತಿತ್ತು. ಬಿಟ್ಟ ಸುಮಾರು 300 ಹಕ್ಕಿಗಳಲ್ಲಿ ನಗರಕ್ಕೆ ಮರಳಿದವು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಮಾತ್ರ. ಇದಕ್ಕೆ ಹಿಮ, ಮಂಜು, ಮೋಟಾದ ಹಗಲುಗಳು ಕಾರಣ. ಚಳಿಗಾಲದಲ್ಲಿ ಪಂದ್ಯಗಳು ನಡೆಯುವುದಿಲ್ಲ ಎಂಬುದು ಯಾವ ಸಾಕಣೆದಾರನಿಗೂ ತಿಳಿದಿತ್ತು. ಯುದ್ಧ ಬೇಸಿಗೆಯವರೆಗೆ ಕಾಯುವಂತಿರಲಿಲ್ಲ, ಅಷ್ಟೆ.

ಈ ಅನುಭವವನ್ನು ಕಂಡ ಮೇಲೆ ಯುರೋಪಿನ ಹಲವು ಸೇನೆಗಳು ತಮ್ಮ ಕೋಟೆಗಳಲ್ಲಿ ಪಾರಿವಾಳದ ಗೂಡುಗಳನ್ನು ಕಟ್ಟಿಸಿದವು. ಬ್ರಿಟನ್ ಮಾತ್ರ ಹಿಂದೆ ಬಿದ್ದಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಅಲ್ಲಿನ ಅಧಿಕಾರಿಗಳ ಮೊದಲ ಪ್ರತಿಕ್ರಿಯೆ ಅನುಮಾನವೇ ಆಗಿತ್ತು. ಪಾರಿವಾಳವೆಂದರೆ ಗೂಢಚಾರರ ಸಾಧನ. ಆದ್ದರಿಂದ ಪರವಾನಗಿ ಇಲ್ಲದೆ ಸಾಕುವಂತಿಲ್ಲ ಎಂದು ವಿಧಿಸಲಾಯಿತು. ಪಂದ್ಯದ ಪಾರಿವಾಳಗಳಿಗೇ ಮೀಸಲಾದ ಪತ್ರಿಕೆಯೊಂದರ ಸಂಪಾದಕನಾಗಿದ್ದ ಆಲ್ಫ್ರೆಡ್ ಓಸ್ಮನ್ ಈ ನಿಲುವನ್ನು ಬದಲಿಸಲು ಶ್ರಮಿಸಿದ. ಅವನು ಸಂಬಳ ಪಡೆಯದೆ ಸೈನಿಕ ಪಾರಿವಾಳ ಸೇವೆಯನ್ನು ಸಂಘಟಿಸಿದ; ಸಾಕಣೆದಾರರು ಸ್ವಂತ ಹಕ್ಕಿಗಳನ್ನು ಕೊಟ್ಟರು. ಮೊದಲು ಉತ್ತರ ಸಮುದ್ರದಲ್ಲಿ ಸಿಡಿಗುಂಡು ತೆಗೆಯುವ ದೋಣಿಗಳಲ್ಲಿ, ಅನಂತರ ಫ್ರಾನ್ಸಿನ ಕಂದಕಗಳಲ್ಲಿ ಅವು ಕೆಲಸ ಮಾಡಿದವು. ಕೊನೆಗೆ ಅದೇ ಸರಕಾರ, ಪಾರಿವಾಳವನ್ನು ಕೊಂದವರಿಗೆ ಆರು ತಿಂಗಳ ಸೆರೆವಾಸ ಅಥವಾ 100 ಪೌಂಡು ದಂಡವೆಂದು ಭಿತ್ತಿಪತ್ರ ಹಚ್ಚಿಸಿತು. ಜನಪದ ಜ್ಞಾನದ ಬಗೆಗೆ ಪ್ರಭುತ್ವದ ಧೋರಣೆ ಬದಲಾಗುವುದನ್ನು ಇಷ್ಟು ಚಿಕ್ಕ ಅವಧಿಯಲ್ಲಿ ಕಾಣುವುದು ಅಪರೂಪ.

ಆ ಯುದ್ಧದಲ್ಲಿ ಪಾರಿವಾಳ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಸರಳವಾಗಿದೆ. ಫಿರಂಗಿ ಮಳೆಯಲ್ಲಿ ದೂರವಾಣಿಯ ತಂತಿಗಳು ತುಂಡಾಗುತ್ತಿದ್ದವು, ಓಟಗಾರರು ಸಾಯುತ್ತಿದ್ದರು, ಆಗಿನ ನಿಸ್ತಂತು ಯಂತ್ರಗಳು ಭಾರವಾಗಿದ್ದವು. ಆದರೆ ಸೇನೆಯ ಮುಂಚೂಣಿ ಚಲಿಸುತ್ತದೆ, ಹಕ್ಕಿಯ ಮನೆ ಚಲಿಸುವುದಿಲ್ಲ. ಈ ವಿರೋಧವನ್ನು ಬಗೆಹರಿಸಲು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳನ್ನೇ ಗೂಡುಗಳಾಗಿ ಮಾರ್ಪಡಿಸಲಾಯಿತು. ಎಳೆಯ ಹಕ್ಕಿಗಳನ್ನು ಅಂಥ ಗೂಡಿನಲ್ಲಿಟ್ಟು, ಗೂಡನ್ನು ಸ್ವಲ್ಪಸ್ವಲ್ಪ ದೂರ ಸರಿಸುತ್ತ ಹೋದರೆ, ಅವು ನೆಲವನ್ನು ಬಿಟ್ಟು ಗೂಡನ್ನೇ ಮನೆಯೆಂದು ಗುರುತಿಸಲು ಕಲಿಯುತ್ತವೆ. ಗೂಡಿನ ಬಾಗಿಲಿಗೆ ಒಳಕ್ಕೆ ಮಾತ್ರ ತೆರೆಯುವ ತಂತಿಕಡ್ಡಿಗಳಿರುತ್ತಿದ್ದವು. ಹಕ್ಕಿ ಅವನ್ನು ತಳ್ಳಿ ಒಳಹೊಕ್ಕೊಡನೆ ಕೆಲವೆಡೆ ವಿದ್ಯುತ್ ಗಂಟೆ ಬಾರಿಸುತ್ತಿತ್ತು. ಕಾವಲಿನವನು ಕಾಲಿನ ಚಿಕ್ಕ ಕೊಳವೆಯಿಂದ ಕಾಗದ ಬಿಚ್ಚಿ, ದೂರವಾಣಿಯಲ್ಲಿ ಓದುತ್ತಿದ್ದ ಅಥವಾ ಮೋಟಾರ್ ಸೈಕಲ್ ಸವಾರನ ಕೈಗೆ ಕೊಡುತ್ತಿದ್ದ. ಹಳೆಯದು ಹೊಸದಕ್ಕೆ ಕೂಡಿಕೊಂಡ ನಿಖರವಾದ ಬಿಂದು ಆ ಗಂಟೆಯೇ.

ಎಲ್ಲ ಬೆಸುಗೆಗಳೂ ಗಟ್ಟಿಯಾಗಿರಲಿಲ್ಲ. ಟ್ಯಾಂಕುಗಳೊಳಗೆ ಪಾರಿವಾಳಗಳನ್ನು ಇಟ್ಟಾಗ ಎಂಜಿನ್ನಿನ ಹೊಗೆಯಿಂದ ಅವು ಮಂಕಾಗಿ, ಹೊರಗೆ ಬಿಟ್ಟರೂ ಹಾರದೆ ಕೂರುತ್ತಿದ್ದವು. ವೆರ್ದೂನ್ ಬಳಿಯ ವೋ ಕೋಟೆಯಿಂದ 1916ರ ಜೂನ್ 4ರಂದು ಕಮಾಂಡರ್ ರೇನಾಲ್ ತನ್ನ ಬಳಿ ಉಳಿದಿದ್ದ ಕೊನೆಯ ಪಾರಿವಾಳವನ್ನು ಬಿಟ್ಟ. ವಿಷಾನಿಲ ಕುಡಿದಿದ್ದ ಹಕ್ಕಿ ಸಂದೇಶವನ್ನು ತಲುಪಿಸಿ ಸತ್ತಿತು. ಕೋಟೆ ಮೂರು ದಿನಗಳ ಬಳಿಕ ಬಿದ್ದಿತು. ಒಂದೇ ದಿಕ್ಕಿನ ಜಾಲದ ಮಿತಿ ಇದು. ಕೋಟೆಯವರು ಸಹಾಯ ಕೇಳಬಲ್ಲವರಾಗಿದ್ದರು. ಸಹಾಯ ಬರುತ್ತಿದೆಯೇ ಎಂಬುದಕ್ಕೆ ಉತ್ತರವನ್ನು ಆ ಹಕ್ಕಿ ಮರಳಿ ತರಲಾರದಾಗಿತ್ತು.

ಈ ಯುದ್ಧದ ಹಕ್ಕಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಮೆರಿಕದ ಸೇನೆಯ ‘ಶೇರ್ ಆಮಿ’. 1918ರ ಅಕ್ಟೋಬರಿನಲ್ಲಿ ಅರ್ಗೋನ್ ಕಾಡಿನಲ್ಲಿ ಸಿಕ್ಕಿಬಿದ್ದಿದ್ದ ಮೇಜರ್ ವಿಟ್ಲ್‌ಸಿಯ ತುಕಡಿಯ ಮೇಲೆ ಸ್ವಂತ ಸೇನೆಯ ಫಿರಂಗಿಗಳೇ ಗುಂಡು ಸುರಿಸತೊಡಗಿದಾಗ, ಅದನ್ನು ನಿಲ್ಲಿಸುವಂತೆ ಕೋರಿದ ಸಂದೇಶವನ್ನು ಎದೆಗೂ ಕಾಲಿಗೂ ಗಾಯವಾಗಿದ್ದ ಈ ಹಕ್ಕಿ ತಂದಿತೆಂಬುದು ಜನಜನಿತ ಕಥೆ. ಅದರ ಚರ್ಮ ತುಂಬಿದ ದೇಹ ಇಂದಿಗೂ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ. ಹಕ್ಕಿ ಗಾಯಗೊಂಡು ಮರಳಿದ್ದು ನಿಜ. ಆದರೆ ಆ ನಿರ್ದಿಷ್ಟ ಸಂದೇಶವನ್ನು ತಂದ ಹಕ್ಕಿ ಇದೇ ಎಂಬುದಕ್ಕೆ ನಿಸ್ಸಂದಿಗ್ಧವಾದ ದಾಖಲೆಯಿಲ್ಲ ಎಂದು ಇತಿಹಾಸಕಾರರು ತೋರಿಸಿದ್ದಾರೆ. ಅದು ಹೆಣ್ಣೋ ಗಂಡೋ ಎಂಬ ವಿವಾದ ಕೂಡ ದೀರ್ಘಕಾಲ ನಡೆದು, 2021ರಲ್ಲಿ ವಂಶವಾಹಿ ಪರೀಕ್ಷೆಯಿಂದ ಗಂಡೆಂದು ತಿಳಿಯಿತು. ಐತಿಹ್ಯವೊಂದು ನಮ್ಮ ಕಣ್ಣೆದುರಿಗೇ ರೂಪುಗೊಳ್ಳುವ ಬಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ನೂರಾರು ಹಕ್ಕಿಗಳ, ಅವುಗಳ ಪಾಲಕರ ಅನಾಮಿಕ ದುಡಿಮೆ ಒಂದು ಹೆಸರಿನ ಸುತ್ತ ಹೆಪ್ಪುಗಟ್ಟಿತು.

ಎರಡನೆಯ ಮಹಾಯುದ್ಧದ ವೇಳೆಗೆ ನಿಸ್ತಂತು ತಂತ್ರಜ್ಞಾನ ಬಹಳ ಮುಂದುವರಿದಿತ್ತು. ಹಾಗಿದ್ದರೂ ಬ್ರಿಟನ್ನಿನ ಸಾಕಣೆದಾರರು ರಾಷ್ಟ್ರೀಯ ಪಾರಿವಾಳ ಸೇವೆಗೆ ಸುಮಾರು 2 ಲಕ್ಷ ಹಕ್ಕಿಗಳನ್ನು ಒದಗಿಸಿದರು. ಕಾಳು ಪಡಿತರದಲ್ಲಿದ್ದ ಆ ದಿನಗಳಲ್ಲಿ ಸೇವೆಗೆ ಸೇರಿದವರ ಗೂಡುಗಳಿಗೆ ಕಾಳು ದೊರೆಯುತ್ತಿತ್ತು ಎಂಬುದನ್ನೂ ಹೇಳಬೇಕು. ದೇಶಪ್ರೇಮವೊಂದೇ ಇಲ್ಲಿ ಕೆಲಸ ಮಾಡಲಿಲ್ಲ. ಬಾಂಬರ್ ವಿಮಾನಗಳು ಹೊರಡುವಾಗ ಜೋಡಿ ಹಕ್ಕಿಗಳನ್ನು ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದವು.

1942ರ ಫೆಬ್ರವರಿಯ ಘಟನೆಯೊಂದು ನಮ್ಮ ಚರ್ಚೆಗೆ ಅತ್ಯಂತ ಪ್ರಸ್ತುತವಾದದ್ದು. ನಾರ್ವೆಯ ದಿಕ್ಕಿನಿಂದ ಮರಳುತ್ತಿದ್ದ ಬ್ಯೂಫರ್ಟ್ ವಿಮಾನವೊಂದು ಉತ್ತರ ಸಮುದ್ರಕ್ಕೆ ಬಿದ್ದಿತು. ವಿಮಾನ ಬೀಳುವಾಗ ಪೆಟ್ಟಿಗೆ ಒಡೆದು, ಮೈಗೆ ಎಣ್ಣೆ ಮೆತ್ತಿದ್ದ ‘ವಿಂಕಿ’ ಎಂಬ ಹಕ್ಕಿ ಹಾರಿಹೋಯಿತು. ಸ್ಕಾಟ್ಲೆಂಡಿನ ಡಂಡೀ ಬಳಿಯ ತನ್ನ ಗೂಡನ್ನು ತಲುಪಿದಾಗ ಅದರ ಕಾಲಿನಲ್ಲಿ ಯಾವ ಸಂದೇಶವೂ ಇರಲಿಲ್ಲ. ಗೂಡಿನ ಒಡೆಯ ಹಕ್ಕಿಯನ್ನು ಗುರುತಿಸಿ ವಾಯುನೆಲೆಗೆ ತಿಳಿಸಿದ. ವಿಮಾನದಿಂದ ಬಂದಿದ್ದ ಅಸ್ಪಷ್ಟ ನಿಸ್ತಂತು ಕರೆಯಿಂದ ಸ್ಥಳ ನಿರ್ಧಾರವಾಗಿರಲಿಲ್ಲ. ವಿಮಾನ ಬಿದ್ದ ಹೊತ್ತು, ಹಕ್ಕಿ ತಲುಪಿದ ಹೊತ್ತು, ಗಾಳಿಯ ದಿಕ್ಕು, ಎಣ್ಣೆ ಮೆತ್ತಿದ ರೆಕ್ಕೆಯಿಂದ ತಗ್ಗಿದ ವೇಗ ಇವನ್ನೆಲ್ಲ ಲೆಕ್ಕ ಹಾಕಿ ಶೋಧನೆಯ ಪ್ರದೇಶವನ್ನು ಗುರುತಿಸಲಾಯಿತು. ವಿಮಾನದ ಸಿಬ್ಬಂದಿ ಬದುಕುಳಿದರು. ಇಲ್ಲಿ ಕಾಗದವಿಲ್ಲ, ಸಂಕೇತಲಿಪಿಯಿಲ್ಲ. ದಣಿದ ಹಕ್ಕಿಯ ಮೈಯೇ ಸಂದೇಶವಾಯಿತು. ಅದನ್ನು ಓದಬಲ್ಲವರು ಇಂಥ ಹಕ್ಕಿ ಇಂಥ ಗಾಳಿಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ದೂರ ಹಾರುತ್ತದೆಂದು ಪಂದ್ಯಗಳಲ್ಲಿ ಲೆಕ್ಕ ಹಾಕಿ ರೂಢಿಯಿದ್ದವರು.

ನಿಸ್ತಂತು ಯಂತ್ರ ಸುಸ್ಥಿತಿಯಲ್ಲಿದ್ದಾಗಲೂ ಪಾರಿವಾಳ ಬೇಕಾದ ಸಂದರ್ಭಗಳಿದ್ದವು. 1944ರ ಜೂನ್ 6ರಂದು ನಾರ್ಮಂಡಿಗೆ ಸೈನ್ಯ ಇಳಿಯುವಾಗ ನೌಕೆಗಳು ನಿಸ್ತಂತು ಮೌನವನ್ನು ಪಾಲಿಸಬೇಕಿತ್ತು. ಆ ದಿನದ ಮೊದಲ ಸುದ್ದಿಯನ್ನು ‘ಗುಸ್ತಾವ್’ ಎಂಬ ಹಕ್ಕಿ ಎದುರುಗಾಳಿಯಲ್ಲಿ ಐದು ಗಂಟೆಗೂ ಹೆಚ್ಚು ಕಾಲ ಹಾರಿ ಇಂಗ್ಲೆಂಡಿಗೆ ತಂದಿತು. 1941ರಿಂದ 1944ರವರೆಗೆ ನಡೆದ ‘ಕೊಲಂಬಾ’ ಕಾರ್ಯಾಚರಣೆಯಲ್ಲಿ ಸುಮಾರು 16,000 ಪಾರಿವಾಳಗಳನ್ನು ಚಿಕ್ಕ ಪ್ಯಾರಾಚೂಟುಗಳಲ್ಲಿ, ಪ್ರಶ್ನಾವಳಿ ಸಮೇತ, ಜರ್ಮನರ ವಶದಲ್ಲಿದ್ದ ಹಳ್ಳಿಗಳ ಹೊಲಗಳಿಗೆ ಇಳಿಸಲಾಯಿತು. ಮರಳಿದ್ದು ಹತ್ತರಲ್ಲಿ ಒಂದು. ಸಿಕ್ಕಿಬಿದ್ದರೆ ಮರಣದಂಡನೆ ಎಂಬುದು ಗೊತ್ತಿದ್ದೂ ಉತ್ತರ ಬರೆದು ಹಕ್ಕಿಯನ್ನು ಬಿಟ್ಟ ಹಳ್ಳಿಗರಿದ್ದರು. ಪಾರಿವಾಳ ಸಾಕಣೆ ಮನೆಮಾತಾಗಿದ್ದ ಬೆಲ್ಜಿಯಂನ ರೈತನಿಗೆ ಹೊಲದಲ್ಲಿ ಸಿಕ್ಕ ಪಾರಿವಾಳವನ್ನು ಹೇಗೆ ಹಿಡಿಯಬೇಕು, ಯಾವ ಹೊತ್ತಿಗೆ ಬಿಡಬೇಕು ಎಂದು ಹೇಳಿಕೊಡಬೇಕಾಗಿರಲಿಲ್ಲ. ಇನ್ನೊಂದೆಡೆ, ತನ್ನ ಪಾರಿವಾಳಗಳನ್ನು ಉಳಿಸಿಕೊಳ್ಳಲು ಬ್ರಿಟನ್ ಕರಾವಳಿಯ ಡೇಗೆ ಹಕ್ಕಿಗಳನ್ನು ನೂರಾರು ಸಂಖ್ಯೆಯಲ್ಲಿ ಕೊಲ್ಲಿಸಿತು. ರಾಜರ ಕೈಮೇಲೆ ಕುಳಿತು ಬೇಟೆಯಾಡುತ್ತಿದ್ದ ಹಕ್ಕಿ ಗಣಿ ಕಾರ್ಮಿಕನ ಹಕ್ಕಿಗಾಗಿ ಪ್ರಾಣ ತೆರಬೇಕಾಯಿತು.

ಪ್ರಾಣಿಗಳ ಶೌರ್ಯಕ್ಕೆಂದು 1943ರಲ್ಲಿ ಸ್ಥಾಪಿತವಾದ ಡಿಕಿನ್ ಪದಕವನ್ನು 32 ಪಾರಿವಾಳಗಳು ಪಡೆದವು. ಅಮೆರಿಕದ ಸೇನೆ 1957ರಲ್ಲಿ ತನ್ನ ಪಾರಿವಾಳ ಸೇವೆಯನ್ನು ಮುಚ್ಚಿತು. ಸ್ವಿಟ್ಜರ್ಲೆಂಡಿನ ಸೇನೆ 1990ರ ದಶಕದ ನಡುವಿನವರೆಗೂ ಅದನ್ನು ಉಳಿಸಿಕೊಂಡಿತ್ತು; ಅಲ್ಲಿನ ಸುಮಾರು 30,000 ಹಕ್ಕಿಗಳಲ್ಲಿ ಹೆಚ್ಚಿನವು ಖಾಸಗಿ ಸಾಕಣೆದಾರರವು, ಅಗತ್ಯ ಬಿದ್ದಾಗ ಕರೆಸಿಕೊಳ್ಳುವಂಥವು. ಹಕ್ಕಿಗಳಿಗೆ ಪದಕ ದೊರೆತದ್ದು ಸರಿಯೇ. ಆದರೆ ಸೇನೆಯ ಕೈಪಿಡಿಗಳಲ್ಲಿ ಸೂಚನೆಗಳಾಗಿ ಅಚ್ಚಾದ ಆಹಾರ ಕ್ರಮ, ಜೋಡಿ ಬೇರ್ಪಡಿಸುವ ವಿಧಾನ, ರೋಗ ಗುರುತಿಸುವ ಲಕ್ಷಣಗಳು ಯಾರ ಹಿತ್ತಿಲಿನಿಂದ ಬಂದವು ಎಂಬುದು ಎಲ್ಲಿಯೂ ದಾಖಲಾಗದೆ ಹೋಯಿತು.

ಭಾರತದಲ್ಲಿ ಈ ಪ್ರಕ್ರಿಯೆ ತಿರುವುಮುರುವಾಗಿ ನಡೆಯಿತು. ಇಲ್ಲಿ ಹಕ್ಕಿ ಸೇನೆಯಿಂದ ನಾಗರಿಕ ಆಡಳಿತಕ್ಕೆ ಬಂದಿತು. 1946ರಲ್ಲಿ ಸೇನೆಯು ಸುಮಾರು 200 ಪಾರಿವಾಳಗಳನ್ನು ಪ್ರಾಯೋಗಿಕವಾಗಿ ಒಡಿಶಾ ಪೊಲೀಸರಿಗೆ ಕೊಟ್ಟಿತು. ರಸ್ತೆಯೂ ತಂತಿಯೂ ಇಲ್ಲದ ಕೋರಾಪುಟ್ ಬೆಟ್ಟಗಳಲ್ಲಿ ಸೇವೆ ಆರಂಭವಾಗಿ, ಕಟಕ್ ಅದರ ಕೇಂದ್ರವಾಯಿತು. 1948ರಲ್ಲಿ ಪ್ರಧಾನಿ ನೆಹರೂ ಅವರು ಸಂಬಲ್‌ಪುರದಿಂದ ಕಟಕ್‌ಗೆ ಕಳಿಸಿದ ಸೂಚನೆಯೊಂದು ಪಾರಿವಾಳದ ಮೂಲಕ ತಲುಪಿದ್ದು ಪ್ರಸಿದ್ಧ. ಒಡಿಶಾದವರು ಮೂರು ಬಗೆಯ ಸೇವೆಗಳನ್ನು ರೂಢಿಸಿಕೊಂಡಿದ್ದರು: ಸ್ಥಿರ ಗೂಡಿನದು, ಚಲಿಸುವ ತುಕಡಿಯೊಂದಿಗೆ ಒಯ್ಯುವುದು, ಮತ್ತು ಎರಡು ಸ್ಥಳಗಳ ನಡುವೆ ಹೋಗಿಬರುವುದು. ಈ ಮೂರನೆಯದರ ಗುಟ್ಟು, ವಾಸ ಒಂದೆಡೆ, ಆಹಾರ ಇನ್ನೊಂದೆಡೆ ಎಂಬ ಏರ್ಪಾಟು. ವೋ ಕೋಟೆಯಲ್ಲಿ ಕಂಡ ಒಂದೇ ದಿಕ್ಕಿನ ಮಿತಿಯನ್ನು ಇಲ್ಲಿ ಪೇದೆಗಳು ಕಾಳಿನ ಸಹಾಯದಿಂದ ದಿನನಿತ್ಯ ದಾಟುತ್ತಿದ್ದರು. 1982ರ ಬಾಂಕಿ ಪ್ರವಾಹದಲ್ಲಿ ಪಟ್ಟಣ ಹೊರಜಗತ್ತಿನಿಂದ ಕಡಿದುಹೋದಾಗಲೂ, 1999ರ ಮಹಾ ಚಂಡಮಾರುತದಲ್ಲಿ ನಿಸ್ತಂತು ಗೋಪುರಗಳು ಉರುಳಿದಾಗಲೂ ಈ ಹಕ್ಕಿಗಳು ಸುದ್ದಿ ತಂದವು. ದೈನಂದಿನ ಸೇವೆಯಾಗಿ ಅದು ಈಗ ಉಳಿದಿಲ್ಲ. ಪರಂಪರೆಯ ಕುರುಹಾಗಿ, ಸಮಾರಂಭಗಳಲ್ಲಿ ಹಾರಿಬಿಡಲೆಂದು, ಹಕ್ಕಿಗಳನ್ನು ಸಾಕಲಾಗುತ್ತಿದೆ. ಸಮಾರಂಭಕ್ಕೆ ಹಾರುವ ಹಕ್ಕಿಗೆ ಎರಡು ಊರುಗಳ ನಡುವಿನ ದಾರಿ ತಿಳಿದಿರಬೇಕಾಗಿಲ್ಲ. ಅದನ್ನು ಪಳಗಿಸುವವನಿಗೂ ಆ ಕಲೆ ಬೇಕಾಗುವುದಿಲ್ಲ. ಹಕ್ಕಿಯ ಸಂತತಿ ಉಳಿಯುತ್ತದೆ, ಕಲೆಯ ಸಂತತಿ ತುಂಡಾಗುತ್ತದೆ.

ಜಾನಪದ ವಿದ್ವಾಂಸರು ಇಲ್ಲಿ ಮಾಡಬೇಕಾದ ಕೆಲಸ ಉಳಿದುಕೊಂಡಿದೆ. ಬೆಂಗಳೂರಿನ ಹಳೆಯ ಬಡಾವಣೆಗಳ ಮಾಳಿಗೆಗಳ ಮೇಲೆ ಇಂದಿಗೂ ಪಂದ್ಯದ ಪಾರಿವಾಳಗಳನ್ನು ಸಾಕುವವರಿದ್ದಾರೆ. ಕಣ್ಣಿನ ಬಣ್ಣ, ಎದೆಮೂಳೆಯ ಬಾಗು, ರೆಕ್ಕೆಯ ಗರಿಗಳ ಅಂತರ ನೋಡಿ ಹಕ್ಕಿಯ ಗುಣವನ್ನು ಹೇಳುವ ಅವರ ಮಾತಿನಲ್ಲಿ ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ಬೆರೆತ ಒಂದು ವೃತ್ತಿಪದಕೋಶವಿದೆ. ಕುಂಬಾರ, ಕಮ್ಮಾರ, ನೇಕಾರರ ವೃತ್ತಿಪದಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿರುವ ನಾವು ಇದನ್ನು ‘ಹವ್ಯಾಸ’ವೆಂದು ಬದಿಗಿರಿಸಿದ್ದೇವೆ. 1914ರ ಬ್ರಿಟಿಷ್ ಅಧಿಕಾರಿಯ ಅನುಮಾನಕ್ಕೂ ನಮ್ಮ ಈ ಉಪೇಕ್ಷೆಗೂ ದೂರ ಬಹಳವಿಲ್ಲ. ಇದೇ ಸಂದರ್ಭದಲ್ಲಿ, ಆಧುನಿಕ ಸಂಪರ್ಕ ಜಾಲ ಕುಸಿಯುವ ಸಾಧ್ಯತೆಯನ್ನು ಮುಂದಿಟ್ಟುಕೊಂಡು ಚೀನಾದ ಸೇನೆ 10,000 ಪಾರಿವಾಳಗಳನ್ನು ಪಳಗಿಸಲು ಯೋಜಿಸಿದೆ ಎಂಬ ವರದಿ 2011ರಲ್ಲಿ ಬಂದದ್ದನ್ನು ಸ್ಮರಿಸಬಹುದು.

ಕೊನೆಯದಾಗಿ ಒಂದು ದಾಖಲೆಯನ್ನು ಉಲ್ಲೇಖಿಸಬೇಕು. ಇಂಗ್ಲೆಂಡಿನ ಸರ್ರೆ ಪ್ರಾಂತದ ಮನೆಯೊಂದರ ಹೊಗೆಗೂಡಿನಲ್ಲಿ ದೊರೆತ ಪಾರಿವಾಳದ ಅಸ್ಥಿಪಂಜರವೊಂದು 2012ರಲ್ಲಿ ಸುದ್ದಿಯಾಯಿತು. ಅದರ ಕಾಲಿನ ಕೆಂಪು ಕೊಳವೆಯಲ್ಲಿ ಎರಡನೆಯ ಮಹಾಯುದ್ಧ ಕಾಲದ ಸಂದೇಶವಿತ್ತು: ಐದೈದು ಅಕ್ಷರಗಳ 27 ಗುಂಪುಗಳು. ಆಗಿನ ಸಂಕೇತ ಪುಸ್ತಕಗಳಿಲ್ಲದೆ ಅದನ್ನು ಬಿಡಿಸಲಾಗದೆಂದು ಬ್ರಿಟನ್ನಿನ ಗೂಢಲಿಪಿ ಸಂಸ್ಥೆ ಹೇಳಿತು. ಅದೇ ಕಾಗದದ ಮೇಲೆ, ಸಂದೇಶದ ಪ್ರತಿಗಳನ್ನು ಒಯ್ದ ಎರಡು ಹಕ್ಕಿಗಳ ಉಂಗುರ ಸಂಖ್ಯೆಗಳನ್ನು ಸಂಕೇತವಿಲ್ಲದೆ ಬರೆದಿದ್ದರು. ಆ ಸಂಖ್ಯೆಗಳನ್ನು ಕೊಟ್ಟದ್ದು ಸೇನೆಯಲ್ಲ, ಪಂದ್ಯದ ಪಾರಿವಾಳ ಸಾಕುವವರ ಸಂಘ. ಅವುಗಳ ಕ್ರಮವನ್ನು ಬಲ್ಲ ಯಾವ ಸಾಕಣೆದಾರನೂ ನೋಡಿದೊಡನೆ ಹೇಳಬಲ್ಲ: ಒಂದು ಹಕ್ಕಿ 1937ರಲ್ಲಿ ಹುಟ್ಟಿದ್ದು, ಇನ್ನೊಂದು 1940ರಲ್ಲಿ.